ಗೌಡನ ದನಿ

ನನಗೆ ಮೊದಲು ಬಂದದ್ದು ಬಾಯಿ. ದನಿ ಆಮೇಲೆ ಬಂತು, ಅದೂ ಬೇರೆಯವರದು. ನಾನೊಂದು ಮೈಕಿನ ಹಾರ್ನು. ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ ದಾವಲಸಾಬ ಎಂಬ ತಗಡಿನ ಕೆಲಸದವನು ನನ್ನನ್ನು ಬಡಿದು ಬಡಿದು ಅಗಲ ಮಾಡಿದ. ಅಕ್ಷರ ನಾನರಿಯೆ. ಕೇಳಿದ್ದನ್ನು ಮಾತ್ರ ಮರೆತಿಲ್ಲ.

ನನ್ನನ್ನು ಕೊಂಡವನು ಹಳಿಯಾಳ ಕಡೆಯ ಯಲ್ಲೋಜಿ. ಗೋವಿನಜೋಳದ ಹೊಲದಲ್ಲಿ ಕಂಬಕ್ಕೆ ಕಟ್ಟಿ, ಹಂದಿ ಬಾರದಿರಲೆಂದು ನನ್ನಿಂದ ಹುಲಿಯ ದನಿ ಹೊರಡಿಸುತ್ತಿದ್ದ. ಎಂಟು ದಿನ ಹಂದಿಗಳು ಹೆದರಿದವು. ಒಂಬತ್ತನೆಯ ದಿನ ನನ್ನ ಕೆಳಗೇ ನಿಂತು ತೆನೆ ಮುರಿದವು.

"ಹಂದಿಗೂ ಲೆಕ್ಕ ಬರತೈತಿ ನೋಡ!" ಎಂದು ಯಲ್ಲೋಜಿ ನಕ್ಕುಬಿಟ್ಟ.

ಅವನು ದಾಂಡೇಲಿ ಕಾಡಿನಲ್ಲಿ ಶಿವಲೀಲಾ ಎಂಬ ಪ್ರಾಣಿಶಾಸ್ತ್ರದ ಹೆಣ್ಣುಮಗಳ ಜೀಪು ಓಡಿಸುತ್ತಿದ್ದ. ಅವಳು ಸಿಂಹಗಳನ್ನು ಎಣಿಸಲು ಆಫ್ರಿಕಾದ ಕಾದಿಟ್ಟ ಕಾಡೊಂದಕ್ಕೆ ಹೊರಟಾಗ ಅವನನ್ನೂ ಕರೆದೊಯ್ದಳು. ಅವನ ಗಂಟಿನಲ್ಲಿ ನಾನೂ ಹೋದೆ.

ಅಲ್ಲಿ ಹೊಳೆಯ ಈಚೆ ಒಂದು ಹಿಂಡು. ಅದರ ಗಂಡಿಗೆ ಯಲ್ಲೋಜಿ ಗೌಡ ಎಂದು ಹೆಸರಿಟ್ಟ. ಕಿವಿ ಹರಿದ ಸಿಂಹಿಣಿಯೊಂದಕ್ಕೆ ಮೂರು ಮರಿ. ಶಿವಲೀಲಾ ಗೌಡನ ಗರ್ಜನೆಯನ್ನು ತನ್ನ ಯಂತ್ರದಲ್ಲಿ ಹಿಡಿದಿಟ್ಟಳು. ಅದನ್ನು ನನ್ನಿಂದ ಕೂಗಿಸಿದರೆ ಸಿಂಹಗಳು ಹುಲ್ಲಿನಿಂದ ಎದ್ದು ಬರುತ್ತಿದ್ದವು, ಅವಳು ಎಣಿಸುತ್ತಿದ್ದಳು.

ಎರಡನೆಯ ವರ್ಷ ಗೌಡ ಕಾಣಲಿಲ್ಲ. ಒಂದು ಬೆಳಗ್ಗೆ ದೂರದ ಹುಲ್ಲಿನಲ್ಲಿ ಅವನ ತಲೆಬುರುಡೆ ಸಿಕ್ಕಿತು, ಜೊತೆಗೆ ಒಂದು ಹಿಡಿ ಕೇಸರದ ಕೂದಲು. ಅದೇ ವಾರ ಎರಡು ಹೊಸ ಗಂಡುಗಳು ಗುಡ್ಡ ಇಳಿದವು.

"ಇನ್ನ ಮರಿ ಉಳಿಯೂದಿಲ್ಲ ಕಾಕಾ. ಹೊಸ ಗಂಡು ಬಂದ್ರ ಹಳೇ ಗಂಡಿನ ಮರಿ ಬಿಡೂದಿಲ್ಲ," ಅಂದಳು ಶಿವಲೀಲಾ.

"ಗೌಡನ ದನಿ ನಿಮ್ಮ ಪೆಟ್ಟಿಗ್ಯಾಗ ಐತಲ್ಲರಿ ಅಕ್ಕಾರ. ಮೈಕಿಗೆ ಹಾಕೂಣು. ಮನ್ಯಾಗ ಗಂಡಸ ಅದಾನಂತ ಅವು ದೂರ ಉಳೀತಾವ."

"ನಾವು ನೋಡಾಕ ಬಂದವರು. ಕಾಯಾಕಲ್ಲ."

"ಮರಿ ಸತ್ತರ ಅದನ್ನೂ ನೋಡಿ ಬರಕೋತೀರೇನ್ರಿ?"

ಅವಳು ತಾನೇ ತಂತಿ ತಂದು ನನಗೆ ಜೋಡಿಸಿದಳು.

ಹೊಳೆದಂಡೆಯ ಮರಕ್ಕೆ ನನ್ನನ್ನು ಕಟ್ಟಿದರು. ಹೊತ್ತು ಮುಳುಗುವಾಗೊಮ್ಮೆ, ಹೊತ್ತು ಹುಟ್ಟುವಾಗೊಮ್ಮೆ ಸತ್ತವನು ನನ್ನ ಬಾಯಿಂದ ಕೂಗಿದ. ಹೊಸ ಗಂಡುಗಳು ಗುಡ್ಡದಲ್ಲೇ ನಿಂತವು. ಯಲ್ಲೋಜಿ ತೊಡೆ ತಟ್ಟಿಕೊಂಡ. ಅವರಿಬ್ಬರೂ ಗುಡ್ಡದ ಕಡೆಗೇ ನೋಡುತ್ತಿದ್ದರು. ನಾನು ನೋಡಿದ್ದನ್ನು ಅವರು ನೋಡಲಿಲ್ಲ.

ಮೂರನೆಯ ಸಂಜೆ ಕಿವಿಹರಿದವಳು ಮರಿಗಳನ್ನು ಕರೆದುಕೊಂಡು ಆಚೆ ದಂಡೆಗೆಂದು ಹೊಳೆಗೆ ಇಳಿದಿದ್ದಳು. ಮುಂಗಾಲು ನೀರಿನಲ್ಲಿತ್ತು. ಆಗ ನಾನು ಕೂಗಿದೆ. ಅವಳು ಕಿವಿ ನಿಮಿರಿಸಿದಳು. ಹಿಂದಿರುಗಿ ದಂಡೆ ಹತ್ತಿ, ನನ್ನ ಮರದ ಹತ್ತಿರವೇ ಪೊದೆಯಲ್ಲಿ ಮರಿಗಳನ್ನು ಮಲಗಿಸಿದಳು. ಹೋಗವ್ವ, ಅವನಿಲ್ಲ ಎನ್ನಬೇಕೆಂದಿತ್ತು. ನನ್ನ ಮಾತೆಂಬುದು ನನಗೆ ಇದ್ದರಲ್ಲವೆ?

ಒಂಬತ್ತನೆಯ ಬೆಳಗ್ಗೆ ಮಂಜು ಹಾಸಿತ್ತು. ಕಣ್ಣು ಕಾಣದಿದ್ದರೂ ಕೆಳಗೆ ಉಸಿರು ಕೇಳಿತು. ಎರಡು ಉಸಿರು, ಭಾರವಾದವು. ಹೊಸ ಗಂಡುಗಳು ನನ್ನ ಮರದ ಬುಡದಲ್ಲೇ ಮಲಗಿದ್ದವು, ಜೋಳದ ಹಂದಿಗಳ ಹಾಗೆ ನಿಶ್ಚಿಂತೆಯಿಂದ. ಸಿಂಹಿಣಿ ಬೇಟೆಗೆ ಹೋಗಿದ್ದಳು. ದೂರದ ಜೀಪಿನಲ್ಲಿ ಯಲ್ಲೋಜಿ ಗುಂಡಿ ಒತ್ತಿದ. ಗೌಡ ಕೂಗಿದ. ತಂದೆ ಕರೆದನೆಂದು ಮೂರೂ ಮರಿಗಳು ಪೊದೆಯಿಂದ ನನ್ನತ್ತ ಓಡಿ ಬಂದವು.

ಬಿಸಿಲೇರಿದ ಮೇಲೆ ಸಿಂಹಿಣಿ ಬಂದಳು. ಅಲುಗದ ಮರಿಗಳನ್ನು ಮೂಸಿದಳು. ಮರ ಹತ್ತಿ ನನ್ನ ಬಾಯೊಳಗೆ ಮೂತಿಯಿಟ್ಟು ಬಹಳ ಹೊತ್ತು ಮೂಸಿದಳು. ತಗಡಿನ ವಾಸನೆ ಬಿಟ್ಟು ಬೇರೇನಿತ್ತು?

ಮಧ್ಯಾಹ್ನ ಶಿವಲೀಲಾ ದಂಡೆಯಲ್ಲಿ ಕೂತು ಕೆಸರಿನಲ್ಲಿ ಒಣಗಿದ ಹೆಜ್ಜೆಗುರುತುಗಳನ್ನು ನೋಡಿದಳು. ಅವು ನೀರಿಗೆ ಇಳಿದಿದ್ದವು, ಮತ್ತೆ ಮರಳಿದ್ದವು.

"ಆಕಿ ದಾಟಾಕ ಹೊಂಟಿದ್ಲು ಕಾಕಾ. ನಾವ ಕರದ್ವಿ."

ಯಲ್ಲೋಜಿ ತಲೆಯ ಟವೆಲ್ಲು ತೆಗೆದು ನನ್ನ ಬಾಯಿಗೆ ತುರುಕಿದ.

ಈಗ ಕ್ಯಾಂಪಿನ ಸಾಮಾನುಕೋಣೆಯ ಮೂಲೆಯಲ್ಲಿದ್ದೇನೆ. ತಂತಿ ಕಿತ್ತು ವರ್ಷಗಳಾದವು, ತುಕ್ಕು ಹಿಡಿದಿದೆ. ಟವೆಲ್ಲು ಅಲ್ಲೇ ಇದೆ, ಯಾರೂ ತೆಗೆದಿಲ್ಲ. ಸಂಜೆ ಕಿಟಕಿಯಾಚೆ ಒಂದು ನೆರಳು ಬಂದು ಕೂರುತ್ತದೆ. ಅದರ ಒಂದು ಕಿವಿ ಹರಿದಿದೆ. ಅವಳು ಕೂಗುವುದಿಲ್ಲ. ನಾನು ಕೂಗುತ್ತೇನೇನೋ ಎಂದು ಕಾಯುತ್ತಾಳೆ.