ಮೂರು ಸಲ ಎದ್ದ ಗೋಡೆ

ತನ್ವಿ ಕಾಲೇಜಿನ ಪ್ರಾಜೆಕ್ಟಿಗೆಂದು ವಡೋದರದಿಂದ ಗುಡ್ಡದ ಕೋಟೆಗೆ ಹೊರಟಾಗ, ಬಾದಾಮಿಯಿಂದ ಬಂದಿದ್ದ ಅಜ್ಜಿ ರತ್ನಮ್ಮನೂ ಜೊತೆಯಾದರು. ಅವರು ಕಲ್ಲುಕುಟಿಗರ ಮನೆಯ ಮಗಳು.

ಮೇಲೆ ಹತ್ತಿದವರೇ ರತ್ನಮ್ಮ ಗೋಡೆಗೆ ಕೈಯಾಡಿಸಿ ಕೂಗಿದರು: “ಇಲ್ನೋಡವಾ! ಕೆಳಗ ಗಾರಿ ಇಲ್ಲದ ದೊಡ್ಡ ಕಲ್ಲು. ನಡುವ ಸುಣ್ಣದ ಗಾರಿ. ಮ್ಯಾಲ ಬರೇ ಇಟ್ಟಂಗಿ. ಎರಡು ಸಲ ಕೆಡವ್ಯಾರ, ಮೂರು ಸಲ ಕಟ್ಯಾರ!”

“ಪುಸ್ತಕದಲ್ಲಿ ಒಂದೇ ಸಲ ಬಿತ್ತು ಅಂತಿದೆ, ಅಜ್ಜಿ.”

“ಬರದವ ಗ್ವಾಡಿ ಮುಟ್ಟಿಲ್ಲ ಬಿಡು. ಈ ಎರಡು ಕರಿ ಗೆರಿ ನೋಡು, ಸುಟ್ಟದ್ದು!”

ತನ್ವಿ ಆ ಗೆರೆಗಳ ಫೋಟೋ ತೆಗೆದಳು. ಅಲ್ಲಿಂದಲೇ ಪ್ರೊಫೆಸರ್‌ಗೆ ಕಳಿಸಿದಳು. ಶನಿವಾರ ಅವರೂ ಏದುಸಿರು ಬಿಡುತ್ತಾ ಇವರಿಬ್ಬರ ಜೊತೆ ಗುಡ್ಡ ಹತ್ತಿದರು. ಗೆರೆಗಳನ್ನು ಕಂಡವರೇ ನೋಟ್‌ಬುಕ್ ತೆರೆದು ರತ್ನಮ್ಮನ ಎದುರು ನೆಲದ ಮೇಲೆ ಕೂತುಬಿಟ್ಟರು. ತನ್ವಿ ಅಜ್ಜಿಯ ಒಂದೊಂದು ಮಾತನ್ನೂ ಗುಜರಾತಿಯಲ್ಲಿ ಹೇಳುತ್ತಾ ಹೋದಳು.