ಎಂಟು ಗಂಟೆಯ ಹಳದಿ ಚೌಕ

ಅಪ್ಪ ತೀರಿಕೊಂಡು ಮೂರು ತಿಂಗಳಾಗಿದ್ದರೂ ದಿನಾ ಬೆಳಿಗ್ಗೆ ಎಂಟಕ್ಕೆ ಅಮ್ಮನನ್ನು ವಿಚಾರಿಸಿಕೊಳ್ಳುತ್ತಿದ್ದ. ತಕ್ಕಡಿ ರಿಪೇರಿಯ ಅಂಗಡಿ ಮುಚ್ಚಿದ ಮೇಲೆ, ಹಳೇ ಪುಸ್ತಕವೊಂದನ್ನು ನೋಡಿಕೊಂಡು ತಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದ. ಎಂಟಾಯಿತೆಂದರೆ ಮನೆಯ ಕಂಪ್ಯೂಟರಿನಲ್ಲಿ ಹಳದಿ ಚೌಕವೊಂದು ಮೂಡುತ್ತಿತ್ತು: ‘ಬಿಪಿ ಮಾತ್ರೆ ನುಂಗಿದ್ಯಾ?’ ಕೆಳಗೆ ಎರಡು ಗುಂಡಿ: ‘ಹೂಂ’, ‘ಆಮೇಲೆ’. ಅಮ್ಮ ಕುರ್ಚಿ ಎಳೆದುಕೊಂಡು ಅದಕ್ಕೆ ಕಾಯುತ್ತಿದ್ದಳು. ಅಪ್ಪನದು ಅಂತ ಅವಳಿಗೆ ಉಳಿದದ್ದು ಅದೊಂದೇ.

ಒಂದು ಭಾನುವಾರ ಪರದೆಯ ಮೇಲೆ ‘ನಿಮ್ಮಲ್ಲಿ ಹದಿನೇಳು ವೈರಸ್ ಇವೆ, ತೆಗೆಯಲು ಇಲ್ಲಿ ಒತ್ತಿ’ ಎಂದು ಬಂತಂತೆ. ಅಮ್ಮ ಒತ್ತಿದಳು. ವೈರಸ್ ಒಳಗೆ ಬಂದದ್ದೇ ಆಗ.

“ಒತ್ತು ಅಂದ್ರೆ ಒತ್ತಿಬಿಡೋದಾ ಅಮ್ಮ? ಬಾವಿಗೆ ಬೀಳು ಅಂದ್ರೆ ಬೀಳ್ತೀಯಾ?”

“ತೆಗೀತೀನಿ ಅಂತ ಅದೇ ಹೇಳ್ತಲ್ಲೇ. ನಾನೇನು ಕನಸು ಕಂಡಿದ್ನಾ?”

ನಾನು ಆಫೀಸಿನಲ್ಲಿ ಇದೇ ವೈರಸ್ ತೆಗೆಯುವ ಕೆಲಸ ಮಾಡುವವಳು. ಸಿಡುಕಿ ಅಂತ ಹೆಸರು ಇಟ್ಟಿದ್ದಾರೆ, ಇಡಲಿ. ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ: ಮೊದಲು ನೆಟ್ ಕೇಬಲ್ ಕೀಳಿ. ಪೆನ್‌ಡ್ರೈವ್ ಚುಚ್ಚಬೇಡಿ. ಸೇಫ್ ಮೋಡಿನಲ್ಲಿ ಶುರುಮಾಡಿ ಸ್ಕ್ಯಾನ್ ಮಾಡಿ. ಸಿಕ್ಕಿದ್ದನ್ನು ತಕ್ಷಣ ಅಳಿಸಬೇಡಿ. ಬೇರೆ ಕಡೆ ಕೂಡಿಹಾಕಿ, ಒಂದೊಂದೇ ಸಾಲು ಓದಿ, ವಾರ ಬಿಟ್ಟು ಅಳಿಸಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕೇಬಲ್ ಕಿತ್ತೆ. ಸ್ಕ್ಯಾನ್ ಎರಡು ಗಂಟೆ ಓಡಿ ಇಪ್ಪತ್ತಮೂರು ಸಾಲಿನ ಪಟ್ಟಿ ಕೊಟ್ಟಿತು. ನಾನು ಓದಲಿಲ್ಲ. ಅಪ್ಪ ಹೋದಾಗಿನಿಂದ ಏನನ್ನೂ ಓದುತ್ತಿರಲಿಲ್ಲ. ತೋರಿಸಿದಲ್ಲಿ ಸಹಿ, ಕೇಳಿದ್ದಕ್ಕೆಲ್ಲ ಸರಿ. ಒಳಗೆಲ್ಲ ಜೋಮು ಹಿಡಿದಂತಿತ್ತು. ‘ಎಲ್ಲ ಅಳಿಸು’ ಒತ್ತಿ, ಸ್ನಾನಕ್ಕೆ ಹೋದೆ.

ಮಾರನೇ ದಿನ ಎಂಟಾಯಿತು. ಎಂಟೂಕಾಲಾಯಿತು. ಅಮ್ಮ ಪರದೆ ನೋಡುತ್ತ ಕೂತೇ ಇದ್ದಳು.

“ಇವತ್ತು ಲೇಟು ಕಣೆ ನಿಮ್ಮಪ್ಪ,” ಅಂದಳು.

ಅವಳು ಎದ್ದ ಮೇಲೆ ಅಳಿಸಿದ ಪಟ್ಟಿ ತೆಗೆದು ನೋಡಿದೆ. ಹತ್ತೊಂಬತ್ತನೇ ಸಾಲಿನಲ್ಲಿತ್ತು: ‘ಮೇಡಮ್ಮೋರು’. ಅಪ್ಪ ಅಮ್ಮನನ್ನು ರೇಗಿಸುತ್ತಿದ್ದ ಹೆಸರು. ಕಂಪನಿಯ ಗುರುತಿಲ್ಲದ, ಮನೆಯಲ್ಲೇ ಬರೆದ ಪ್ರೋಗ್ರಾಂ ಕಂಡರೆ ಸ್ಕ್ಯಾನರಿಗೆ ಅನುಮಾನ. ಅದಕ್ಕೇ ಅಲ್ಲವೇ ಓದಿ ಅಂತ ಊರಿಗೆಲ್ಲ ಹೇಳುವುದು! ನೆಗಡಿ ಬಂತೆಂದು ಮೂಗು ಕೊಯ್ದಿದ್ದೆ. ಅಳಿಸಿದ್ದನ್ನು ವಾಪಸು ತರುವ ಸಾಫ್ಟ್‌ವೇರ್ ಮೂರು ಹಾಕಿದೆ. ಏನೂ ಬರಲಿಲ್ಲ. ಬೇರೆ ಪ್ರತಿಯೂ ಇರಲಿಲ್ಲ. ನನ್ನ ಮೇಲೆ ನನಗೆ ಅಸಹ್ಯವಾಯಿತು, ಆದರೆ ಅಳು ಬರಲಿಲ್ಲ.

ನಿಜ ಹೇಳುವ ಧೈರ್ಯವಾಗದೆ, ಅರ್ಧ ಗಂಟೆಯಲ್ಲಿ ಅಂಥದ್ದೇ ಒಂದು ಬರೆದುಬಿಟ್ಟೆ. ಅದೇ ಹಳದಿ, ಅದೇ ಪ್ರಶ್ನೆ, ಅವೇ ಎರಡು ಗುಂಡಿ. ‘ಆಮೇಲೆ’ ಒತ್ತಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೇಳುವಂತೆಯೂ ಮಾಡಿದೆ.

ಬೆಳಿಗ್ಗೆ ಚೌಕ ಮೂಡಿತು. ಅಮ್ಮನ ಮುಖ ಅರಳಿತು. ‘ಆಮೇಲೆ’ ಒತ್ತಿದಳು. ಹತ್ತು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ‘ಆಮೇಲೆ’. ಮೂರನೆಯ ಸಲವೂ ನನ್ನ ಚೌಕ ‘ಬಿಪಿ ಮಾತ್ರೆ ನುಂಗಿದ್ಯಾ?’ ಅಂತಲೇ ಕೇಳಿತು. ಅಮ್ಮ ಮೌಸಿನಿಂದ ಕೈ ತೆಗೆದಳು.

“ಇದು ನೀನು ಮಾಡಿದ್ದು.”

“ಹೇಗೆ ಗೊತ್ತಾಯ್ತು?”

“ಅವರು ಮೂರನೇ ಸಲಕ್ಕೆ ಬಯ್ತಿದ್ರು.”

“ತಪ್ಪಾಯ್ತಮ್ಮ. ನೋಡದೆ ಅಳಿಸಿಬಿಟ್ಟೆ. ಮತ್ತೆ ಮಾತ್ರೆನ ಅಲ್ಲೀವರೆಗೂ ತಗೊಳ್ತಾ ಇರ್ಲಿಲ್ವಾ ನೀನು?”

“ಮಾತ್ರೆ ಏಳೂವರೆಗೇ ನುಂಗಿರ್ತಿದ್ದೆ ಕಣೆ. ಬೈಸ್ಕೊಳ್ಳೋಕೆ ‘ಆಮೇಲೆ’ ಒತ್ತುತ್ತಿದ್ದೆ.”

“ಏನಂತ ಬಯ್ತಿದ್ದ ಹೇಳಮ್ಮ, ಹಾಗೇ ಬರೆದು ಹಾಕ್ತೀನಿ.”

ಅಮ್ಮ ನಕ್ಕಳು, ಮೂರು ತಿಂಗಳಲ್ಲಿ ಮೊದಲ ಸಲ. “ಥೂ, ಹೋಗೇ. ಅದು ಮಗಳ ಹತ್ರ ಹೇಳೋ ಮಾತಾ?”

ಆಮೇಲೆ ಮೌಸನ್ನು ನಿಧಾನಕ್ಕೆ ಸರಿಸಿ, ‘ಹೂಂ’ ಒತ್ತಿದಳು.