ಇನ್ನೂ ಬರಬೇಕಾದ ಎಂಟಾಣೆ

ಬೈಲಪ್ಪನ ಕಾಲು ಹೋದದ್ದು ಪಂಚಾಯ್ತಿ ಛೇರ್ಮನ್ ಕಾಡಸಿದ್ದಪ್ಪ ತೋಡಿಸುತ್ತಿದ್ದ ಬಾವಿಯಲ್ಲಿ. ಬಂಡೆಗೆ ನಾಲ್ಕು ಕುಳಿ ಹೊಡೆದು ಮದ್ದು ಜಡಿದು ಬತ್ತಿ ಹಚ್ಚಿದ್ದರು. ಮೂರು ಸಿಡಿದವು, ನಾಲ್ಕನೆಯದು ಸುಮ್ಮನಿತ್ತು. "ಇಳಿದು ನೋಡ್ಲಾ ಬೈಲ, ಯಾಕಂಗೆ ಮುನಿಸ್ಕಂಡು ಕುಂತೈತೆ ಅಂತ" ಎಂದು ದಡದ ಮೇಲೆ ನಿಂತಿದ್ದ ಛೇರ್ಮನ್ನು ಅಂದ. ಬೈಲಪ್ಪ ಹೂಂ ಅಂದು ಇಳಿದ. ಮಧುಗಿರಿಗೆ ಹೊತ್ತೊಯ್ದು ಎರಡೂ ಕಾಲನ್ನು ಮೊಣಕಾಲಿನ ಕೆಳಗೆ ಕೊಯ್ಯಿಸಿ, ತಿಂಗಳಾದ ಮೇಲೆ ಎತ್ತಿನ ಗಾಡಿಯಲ್ಲಿ ತಂದು ಕರೇಕಲ್ಲಹಟ್ಟಿಯ ಮಾದಿಗರ ಕೇರಿ ಬಾಯಲ್ಲಿ ಇಳಿಸಿದರು. ಅಷ್ಟರಲ್ಲಿ ಬಾವಿಗೆ ನೀರು ಬಂದಿತ್ತು. ಒಳ್ಳೆ ಸಿಹಿನೀರು ಅಂತ ಕುಡಿದವರು ಹೇಳಿದರು. ಕೇರಿಯವರು ಕುಡಿದಿರಲಿಲ್ಲ.

ಛೇರ್ಮನ್ನು ಧರ್ಮಾತ್ಮ ಅನ್ನುವ ಮಾತು ಊರಲ್ಲಿ ಹುಟ್ಟಿದ್ದು ಆಮೇಲೆ. ಯಾಕಂದರೆ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಖುದ್ದಾಗಿ ಓಡಾಡಿ ಬೈಲಪ್ಪನಿಗೆ ಅಂಗವಿಕಲರ ಮಾಸಾಶನ ಮಂಜೂರು ಮಾಡಿಸಿದವನು ಅವನೇ. ಅರ್ಜಿಯಲ್ಲಿ 'ಕಾರಣ' ಅನ್ನೋ ಜಾಗದಲ್ಲಿ 'ಆಕಸ್ಮಿಕ' ಅಂತ ಬರೆಸಿದವನೂ ಅವನೇ. ತಿಂಗಳಿಗೆ ನಲವತ್ತು ರೂಪಾಯಿ ಮನಿಯಾರ್ಡರು ಬರುತ್ತಿತ್ತು. ಬಾವಿ ಛೇರ್ಮನ್ನಂದು, ಕಾಲು ಬೈಲಪ್ಪಂದು, ದುಡ್ಡು ಸರ್ಕಾರದ್ದು. ಇಷ್ಟು ಸಲೀಸಾಗಿ ಒಂದು ವ್ಯವಹಾರ ಮುಗಿದದ್ದನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ.

ನಲವತ್ತು ರೂಪಾಯಿಗೆ ರಾಗಿ ಬರುತ್ತಿತ್ತು, ಉಪ್ಪು ಮೆಣಸಿನಕಾಯಿ ಬರುತ್ತಿತ್ತು. ಗಾಯದ ಮುಲಾಮು ಬರುತ್ತಿರಲಿಲ್ಲ. ಅದಕ್ಕೇ ಹೆಂಡತಿ ಪಾಪಕ್ಕ ಛೇರ್ಮನ್ನನ ಕೊಟ್ಟಿಗೆ ಬಾಚಲು ಹೋಗುತ್ತಿದ್ದಳು. ಬೆಳಿಗ್ಗೆ ಗಂಡನನ್ನು ಎತ್ತಿ ಬಯಲಿಗೆ ಒಯ್ದು, ತೊಳೆದು, ತಂದು ಕೂರಿಸಿ ಹೋದರೆ ಸಂಜೆಗೇ ಬರುವುದು. ಕೂಲಿ ಅಂತ ಇಲ್ಲ. ರಾತ್ರಿ ಮಿಕ್ಕ ಮುದ್ದೆ, ಸಂಕ್ರಾಂತಿಗೊಂದು ಹಳೇ ಸೀರೆ. "ಕೊಟ್ಟಿಗೆ ಬುಡಿಸ್ತೀನಿ ಕಣೆ" ಅಂತ ಬೈಲಪ್ಪ ದಿನಾ ಅನ್ನುತ್ತಿದ್ದ. "ಮೊದ್ಲು ನೀನು ಮಗ್ಗುಲು ಬದ್ಲಾಯ್ಸು, ಬೆನ್ನು ಹುಣ್ಣಾಗೈತೆ" ಅನ್ನುತ್ತಿದ್ದಳು ಅವಳು.

ಕಾಲು ಹೋದರೂ ಕೈ ಅಪ್ಪ ಕಲಿಸಿದ ಕೈಯಾಗಿಯೇ ಉಳಿದಿತ್ತು. ಅಟ್ಟದ ಮೇಲೆ ಅಪ್ಪನ ಉಳಿ, ಚರ್ಮ ಕೊಯ್ಯೋ ರಂಪಿಗೆ, ಮೇಣದ ಉಂಡೆ ಇದ್ದವು. ಒಂದು ಹಲಗೆಗೆ ಲಾರಿ ಬೇರಿಂಗ್ ಹೊಡೆಸಿ ಗಾಡಿ ಮಾಡಿಕೊಂಡ. ಅಂಗೈಗೆ ಟೈರಿನ ತುಂಡು ಕಟ್ಟಿಕೊಂಡ. ಮಂಗಳವಾರ ಶುಕ್ರವಾರ ಮೊದಲ ಬಸ್ಸಿಗೆ ಕಂಡಕ್ಟರು ಅವನನ್ನು ಮೂಟೆಯಂತೆ ಎತ್ತಿ ಹಾಕಿಕೊಂಡು ಗೊರವನಹಳ್ಳಿಯಲ್ಲಿ ಇಳಿಸುತ್ತಿದ್ದ. ಲಕ್ಷ್ಮಮ್ಮನಿಗೆ ಕೈ ಮುಗಿಯಲು ಬಸ್ಸುಬಸ್ಸು ಜನ ಬರುವ ದಿನಗಳು ಅವು. ಅವರು ಗುಡಿಯ ಒಳಗೆ ಹೋಗುವಾಗ ಮೆಟ್ಟು ಹೊರಗೇ ಬಿಡಬೇಕಲ್ಲ. ಬೈಲಪ್ಪನ ಜಾಗ ಅಲ್ಲಿ, ಮೆಟ್ಟುಗಳ ಸಾಲಿನ ಕೊನೆಯಲ್ಲಿ. ದೇವರ ಮುಂದೆ ಅವರು ಬೇಡಿಕೊಂಡು ಬರುವಷ್ಟರಲ್ಲಿ ಇವನು ಚಪ್ಪಲಿಯ ಹರಿದ ಉಂಗುಟ ಹೊಲಿದಿಟ್ಟಿರುತ್ತಿದ್ದ. ಎಂಟಾಣೆ. ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಕಾಲಿಲ್ಲದವನ ಮುಂದೆ ಕಾಲು ಚಾಚಿ ನಿಂತಾಗ ಜನಕ್ಕೆ ಚೌಕಾಸಿ ಬಾಯಿಗೆ ಬರುವುದಿಲ್ಲ.

ಎರಡೇ ದಿನ. ಒಂದು ದಿನ ಕೂತರೆ ಮೊಂಡುಗಾಲು ಬೆಂದು ನೀರಾಡುತ್ತಿತ್ತು, ಆಮೇಲೆ ಎರಡು ದಿನ ಗೋಡೆಗೆ ಎತ್ತಿಟ್ಟು ಮಲಗಬೇಕು. ಆದರೂ ಆ ಎರಡು ದಿನದ ದುಡಿಮೆ ಮುಲಾಮಿಗೆ ಆಗಿ, ತೊಗಲಿಗೆ ಆಗಿ, ಮಿಕ್ಕದ್ದರಲ್ಲಿ ಪಾಪಕ್ಕ ಕೊಟ್ಟಿಗೆ ಬಿಟ್ಟಳು. ಬಿಟ್ಟ ದಿನ ಬಿಸಿನೀರು ಕಾಯಿಸಿ ಕೈ ಉಜ್ಜಿಕೊಂಡು ಉಜ್ಜಿಕೊಂಡು ಮೂಸಿ ನೋಡಿಕೊಂಡಳು.

ಯುಗಾದಿ ಬಂತು. ಛೇರ್ಮನ್ನನ ಮನೆ ಗಂಡಸರಿಗೆಲ್ಲ ಯುಗಾದಿಗೆ ಹೊಸ ಎಕ್ಕಡ ಹೊಲಿದುಕೊಡುವುದು ಬೈಲಪ್ಪನ ಮುತ್ತಾತನ ಕಾಲದಿಂದ ಬಂದ ಬಾಬತ್ತು. ಅದಕ್ಕೆ ಬದಲು ಕಣ ಗುಡಿಸಿದ ಮಣ್ಣುರಾಗಿ ಒಂದು ಮೊರ. ಬೈಲಪ್ಪ ಮೂರು ಜೊತೆ ಹೊಲಿದ. ಗಾಡಿ ತಳ್ಳಿಕೊಂಡು ಹೋಗಿ ಜಗಲಿಯ ಕೆಳಗೆ ಇಟ್ಟ. ಕಾಡಸಿದ್ದಪ್ಪ ಕಾಲು ತೂರಿಸಿ, ಕಿರ್ರೆನ್ನಿಸಿ ನೋಡಿದ.

"ಕಾಲಿದ್ದಾಗ್ಲೂ ಇಷ್ಟು ಚೆನ್ನಾಗಿ ಹೊಲಿದಿರ್ಲಿಲ್ಲ ಕಣ್ಲಾ ನೀನು."

"ಜೊತೆಗೆ ಹದಿನಾಲ್ಕು ರೂಪಾಯಿ ಆಯ್ತದೆ ಬುದ್ಧಿ."

ಜಗಲಿಯ ಮೇಲಿದ್ದವರು ನಕ್ಕರು, ತಮಾಷೆ ಅಂದುಕೊಂಡು. ಬೈಲಪ್ಪ ನಗಲಿಲ್ಲ. ಆಗ ಅವರೂ ನಿಲ್ಲಿಸಿದರು.

"ಯಾರಿಗ್ಲಾ ಹೇಳ್ತಿದ್ದೀಯ?"

"ತಮಗೇ ಬುದ್ಧಿ. ತೊಗಲು ಈಗ ದುಡ್ಡು ಕೊಟ್ಟು ತರ್ತೀನಿ."

ಕಾಡಸಿದ್ದಪ್ಪ ಎಕ್ಕಡ ಕಳಚಿ, ಒಂದರ ಪಕ್ಕ ಒಂದು ಒಪ್ಪವಾಗಿ ಜೋಡಿಸಿ, ಕಾಲಿಂದ ಜಗಲಿಯ ಕೆಳಕ್ಕೆ ದೂಡಿದ. "ಒಳ್ಳೇದಾಯ್ತು ಬುಡು. ದುಡಿಯೋನಾಗಿದ್ದೀಯ. ಸರ್ಕಾರಕ್ಕೂ ಗೊತ್ತಾಗ್ಲಿ" ಅಂದ. ದನಿ ಏರಿಸಲಿಲ್ಲ.

ಹದಿನೈದು ದಿನಕ್ಕೆ ನೋಟೀಸು ಬಂತು. 'ಸದರಿ ಫಲಾನುಭವಿಯು ಸ್ವಂತ ಉದ್ಯೋಗ ನಡೆಸುತ್ತಿರುವುದಾಗಿ ದೂರು ಬಂದಿರುತ್ತದೆ', ವಿಚಾರಣೆಗೆ ಹಾಜರಾಗತಕ್ಕದ್ದು.

"ಚೀಲ ಮನೇಲಿ ಬುಟ್ಟು ಬಾ" ಎಂದು ಪಾಪಕ್ಕ ಹೊರಡುವಾಗ ಹೇಳಿದಳು. "ಉಳಿ ರಂಪಿಗೆ ತೊಡೆ ಮೇಲೆ ಇಟ್ಕಂಡು ನಾನು ದುಡಿಯಲ್ಲ ಅಂತೀಯಾ?" ಅವಳ ಮಾತು ಸರಿಯಾಗಿತ್ತು. ಆದರೆ ಹತಾರ ಬಿಟ್ಟು ಹೊಸಿಲು ದಾಟಬೇಡ ಅಂತ ಅಪ್ಪ ಹಾಕಿದ ಅಭ್ಯಾಸ. ಅಲ್ಲದೆ ತೊಡೆ ಮೇಲೆ ಚೀಲದ ಭಾರ ಇಲ್ಲದಿದ್ದರೆ ಗಾಡಿ ಹಿಂದಕ್ಕೆ ಮಗುಚುತ್ತಿತ್ತು. ಚೀಲ ಬಂತು.

ಕಚೇರಿ ಜಗಲಿಯಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್ ವೆಂಕಟರಾಮಯ್ಯ ಇವರನ್ನು ಕಂಡು ತಾನಾಗೇ ಬಂದ. ವಯಸ್ಸಾದ ಮನುಷ್ಯ, ಮಾತು ಮೆತ್ತಗೆ.

"ನೋಡಯ್ಯ, ಭಯ ಬೀಳಬೇಡ. ಛೇರ್ಮನ್ರ ಹತ್ರ ನಾನೇ ಮಾತಾಡಿದ್ದೀನಿ. ಅವರಿಗೆ ನಿನ್ನ ಹೊಟ್ಟೆ ಮೇಲೆ ಹೊಡೆಯೋ ಆಸೆ ಇಲ್ಲ. ಪದ್ಧತಿ ಪ್ರಕಾರ ಊರಿಗೆ ಹೊಲಿದುಕೊಡ್ತೀನಿ ಅನ್ನು, ಮುಗೀತು."

"ಹೊಲಿದ್ರೆ ದುಡಿಮೆ ಆಗಲ್ವಾ ಸ್ವಾಮಿ?"

"ದುಡ್ಡು ತಗೊಂಡ್ರೆ ದುಡಿಮೆ. ತಗೊಳ್ದೆ ಇದ್ರೆ ಪದ್ಧತಿ. ಪದ್ಧತಿಗೆ ಸರ್ಕಾರ ಅಡ್ಡ ಬರಲ್ಲ."

"ವಾರಕ್ಕೆ ಎರಡೇ ದಿನ ಸ್ವಾಮಿ ನಾನು ಕೂರೋದು. ಮಿಕ್ಕಿದ ದಿನ ಮೇಲೇಳಕ್ಕಾಗಲ್ಲ. ಕೀವು ನೋಡ್ತೀರಾ?" ಬೈಲಪ್ಪ ಬಟ್ಟೆ ಸರಿಸಹೋದ.

"ಮುಚ್ಚು ಮುಚ್ಚು. ನಮ್ಮ ಫಾರಮ್ಮಿನಲ್ಲಿ ಎರಡು ದಿನ ದುಡಿಯೋನು ಅಂತ ಕಾಲಂ ಇಲ್ಲ ಕಣಯ್ಯ. ದುಡಿಯೋನು, ದುಡಿಯದೋನು, ಎರಡೇ ಇರೋದು." ಆಮೇಲೆ ಏನೋ ಹೊಳೆದವನಂತೆ ತನ್ನ ಎಡಗಾಲಿನ ಚಪ್ಪಲಿ ಕಳಚಿ ಗಾಡಿಯ ಮೇಲೆ ಹಾಕಿದ. ಉಂಗುಟ ಅರ್ಧ ಕಿತ್ತಿತ್ತು. "ತಹಸೀಲ್ದಾರ್ ಸಾಹೇಬ್ರು ಕರೆಯೋದ್ರೊಳಗೆ ಇದನ್ನ ಹೊಲಿ. ಕಾಸು ಕೇಳಬೇಡ. ಕೇಳಿಲ್ಲ ಅಂತ ಒಳಗೆ ನಾನೇ ಹೇಳ್ತೀನಿ. ಅದೇ ನಿನಗೆ ಸಾಕ್ಷಿ."

ಬೈಲಪ್ಪ ಚಪ್ಪಲಿ ತಿರುಗಿಸಿ ನೋಡಿದ. ಹಿಂದೆ ಯಾರೋ ತಂತಿ ಚುಚ್ಚಿ ಕೊಲೆ ಮಾಡಿದ್ದರು. ತಂತಿ ಕಿತ್ತ. ದಾರಕ್ಕೆ ಮೇಣ ಎಳೆದ. ಕೆಲಸ ಕೈಗೆ ಬಂದರೆ ಅವನಿಗೆ ಕೆಟ್ಟದಾಗಿ ಮಾಡಲು ಬರುತ್ತಿರಲಿಲ್ಲ. ಏಳು ಹೊಲಿಗೆ ಬೇಕಿತ್ತು, ಏಳೂ ಹಾಕಿದ.

ತಾಸಿನ ಮೇಲೆ ಒಳಗೆ ಕರೆದರು. ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. ಛೇರ್ಮನ್ನು ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಪಾಪಕ್ಕ ಬಾಗಿಲ ಆಚೆ ನಿಂತಳು.

"ಹೊಲಿಯೋದು ನಿಜವಾ?"

"ನಿಜ ಸ್ವಾಮಿ."

"ಪದ್ಧತಿ ಸಾರ್" ಎಂದು ವೆಂಕಟರಾಮಯ್ಯ ಮುಂದೆ ಬಂದ. "ದುಡ್ಡಿಗಲ್ಲ. ಈಗಷ್ಟೇ ನನ್ನದೂ ಹೊಲಿದುಕೊಟ್ಟ. ಬಾಯಿಬಿಟ್ಟು ಕಾಸು ಕೇಳಲಿಲ್ಲ." ಎಡಗಾಲನ್ನು ಸ್ವಲ್ಪ ಮುಂದೆ ಚಾಚಿ ತೋರಿಸಿದ.

ಸಾಹೇಬರು ಆಗ ತಲೆ ಎತ್ತಿದರು. ಚಪ್ಪಲಿ ನೋಡಿದರು, ಗಾಡಿಯ ಮೇಲಿನ ಅರ್ಧ ಮನುಷ್ಯನನ್ನು ನೋಡಿದರು. ಅವರಿಗೂ ಊಟದ ಹೊತ್ತಾಗಿತ್ತು. "ಸರಿ ಹಾಗಾದ್ರೆ. ಏನಯ್ಯ, ಸುಮ್ಮನೆ ಹೊಲಿದುಕೊಟ್ಟೆ ತಾನೇ? ಹೂಂ ಅನ್ನು, ಬರ್ಕೊಳ್ತೀನಿ."

ಬಾಗಿಲಲ್ಲಿ ಪಾಪಕ್ಕ ತಲೆ ಆಡಿಸುತ್ತಿದ್ದಳು, ಅನ್ನು ಅನ್ನು ಅಂತ. ಕಾಡಸಿದ್ದಪ್ಪ ಕಿಟಕಿಯಾಚೆ ನೋಡುತ್ತಿದ್ದ. ಬೈಲಪ್ಪನ ಬಾಯಿಗೆ ಹೂಂ ಬಂದಿತ್ತು. ಆವತ್ತು ಬಾವಿಯ ದಡದಲ್ಲೂ ಅಷ್ಟೇ ಸುಲಭವಾಗಿ ಬಂದಿತ್ತು. ಆವತ್ತಿನದೂ ಬಿಟ್ಟಿ ಕೆಲಸವೇ.

"ಇಲ್ಲ ಸ್ವಾಮಿ" ಅಂದ. "ಎಂಟಾಣೆ ಆಯ್ತದೆ. ಅವರಿನ್ನೂ ಕೊಟ್ಟಿಲ್ಲ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆದೇಶದ ಪ್ರತಿ ಮನೆಗೇ ಬಂತು. 'ಸ್ವಂತ ಉದ್ಯೋಗದಿಂದ ಸ್ವಾವಲಂಬಿಯಾಗಿರುವುದರಿಂದ ಮಾಸಾಶನ ರದ್ದುಪಡಿಸಿದೆ.' ಸ್ವಾವಲಂಬಿ ಈಗ ವಾರಕ್ಕೆ ಆರು ದಿನ ಕೂರಬೇಕಾಯಿತು. ಮಂಗಳವಾರ, ಶುಕ್ರವಾರ ಬಿಟ್ಟರೆ ಗೊರವನಹಳ್ಳಿಗೆ ಬರುವವರೇ ಕಮ್ಮಿ. ಬರಿದೆ ಕೂತರೂ ಮೊಂಡುಗಾಲು ಬೇಯುವುದು ಅಷ್ಟೇ. ಆಷಾಢದಲ್ಲಿ ಬಲಗಡೆಯದು ಕಪ್ಪಾಯಿತು. ಮತ್ತೆ ಮಧುಗಿರಿ, ಮತ್ತೆ ಒಂದು ಗೇಣು ಕೊಯ್ದರು. ಪಾಪಕ್ಕ ತಿರುಗಿ ಕೊಟ್ಟಿಗೆಗೆ ಹೋದಳು. "ನೀನು ಹೂಂ ಅಂದಿದ್ರೂ ನನ್ನ ಕೊಟ್ಟಿಗೆಗೆ ಕಳ್ಸೋರು ಬುಡು" ಅಂತ ಒಂದು ಸಲ ಅಂದಳು. ಮಾರನೇ ದಿನ "ಅನ್ಬೇಕಾಗಿತ್ತು ಕಣಯ್ಯ ನೀನು" ಅಂದಳು.

ಶ್ರಾವಣದ ಒಂದು ಶುಕ್ರವಾರ, ಗಾಯ ಇನ್ನೂ ಹಸಿ ಇರುವಾಗಲೇ, ಅವನು ಮೆಟ್ಟಿನ ಸಾಲಿನ ಕೊನೆಯಲ್ಲಿ ಕೂತಿದ್ದ. ವೆಂಕಟರಾಮಯ್ಯ ಹೆಂಡತಿಯೊಡನೆ ಬಸ್ಸಿಳಿದು ಬಂದ. ಇವನತ್ತ ನೋಡಲಿಲ್ಲ, ನೋಡಿದರೂ ಗುರುತು ಹತ್ತಿದಂತಿರಲಿಲ್ಲ. ಚಪ್ಪಲಿ ಬಿಟ್ಟು ಹಣ್ಣುಕಾಯಿ ತಟ್ಟೆ ಹಿಡಿದು ಒಳಗೆ ಹೋದ.

ಎಡಗಾಲಿನದರಲ್ಲಿ ಏಳು ಹೊಲಿಗೆ ಹಾಗೇ ಕೂತಿದ್ದವು. ಬೈಲಪ್ಪ ಗಾಡಿ ತಳ್ಳಿಕೊಂಡು ಹೋಗಿ ಅದನ್ನು ತೊಡೆಗಿಟ್ಟುಕೊಂಡ. ಉಳಿಯ ತುದಿಯಿಂದ ಒಂದೊಂದನ್ನೇ ಎತ್ತಿ, ಎಲ್ಲೂ ಹರಿಯದಂತೆ ದಾರ ಎಳೆದ. ಬೆರಳಿಗೆ ಸುತ್ತಿ ಚೀಲಕ್ಕೆ ಹಾಕಿಕೊಂಡ. ಉಂಗುಟವನ್ನು ತೂತಿನಲ್ಲಿ ಹಾಗೇ ಕೂರಿಸಿ, ಚಪ್ಪಲಿಯನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೇ ಇಟ್ಟು ಬಂದ.

ವೆಂಕಟರಾಮಯ್ಯ ಹೊರಬಂದು ಮೆಟ್ಟಿಕೊಂಡು ಎರಡು ಹೆಜ್ಜೆ ಇಟ್ಟ. ಉಂಗುಟ ಕೈ ಕೊಟ್ಟಿತು. ಮುಗ್ಗರಿಸಿದ, ತಟ್ಟೆಯ ತೆಂಗಿನ ಹೋಳು ಉರುಳಿತು. ಆಗ ಸಾಲಿನ ಕೊನೆಗೆ ಕಣ್ಣು ಹಾಯಿಸಿದ, ಮುಖ ಗುರುತಿಗೆ ಬಂತು.

"ಲೇ, ಇದನ್ನ ಹೊಲಿಯೋ."

"ಒಂದ್ರೂಪಾಯಿ ಸ್ವಾಮಿ" ಅಂದ ಬೈಲಪ್ಪ. "ಇವತ್ತಿಂದು ಎಂಟಾಣೆ, ಆವತ್ತಿಂದು ಎಂಟಾಣೆ. ಮೊದ್ಲು ಇಲ್ಲಿಡಿ."

ವೆಂಕಟರಾಮಯ್ಯ ಜೇಬಿಗೆ ಕೈ ಹಾಕಲಿಲ್ಲ. ಹರಿದದ್ದನ್ನೂ ಹರಿಯದ್ದನ್ನೂ ಕೈಯಲ್ಲಿ ಹಿಡಿದು, ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ ಎಗರುತ್ತ ಎಗರುತ್ತ ಬಸ್ಸಿನ ಕಡೆಗೆ ನಡೆದ. ಬೈಲಪ್ಪ ಆ ಎರಡು ಪಾದಗಳನ್ನು ಅವು ಬಸ್ಸು ಹತ್ತುವವರೆಗೂ ನೋಡಿದ. ಆಮೇಲೆ ಕೆಳಗೆ ಬಿದ್ದ ತೆಂಗಿನ ಹೋಳನ್ನು ಎತ್ತಿ, ಮಣ್ಣು ಒರೆಸಿ, ಪಾಪಕ್ಕನಿಗೆ ಅಂತ ಚೀಲದಲ್ಲಿಟ್ಟುಕೊಂಡ.